ಇಡ್ಲಿ ತಟ್ಟೆಯ ಅಕ್ಷರಗಳು

ಅಕ್ಷರದ ಹಲಗೆ ತಂದವರು ಮೊದಲ ದಿನವೇ ಒಂದು ತಪ್ಪು ಮಾಡುತ್ತಾರೆ. ಪೊಟ್ಟಣ ಹರಿದು, ಬೇಕಾದ ನಾಲ್ಕು ಅಕ್ಷರ ಹೆಕ್ಕಿ, ಉಳಿದದ್ದನ್ನು ಅದೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಕಪಾಟಿಗೆ ಎಸೆಯುತ್ತಾರೆ. ಮುಂದಿನ ಸಲ ಮಗುವಿನ ಹುಟ್ಟುಹಬ್ಬಕ್ಕೆ ಒಂದು ‘ಎಚ್’ ಹುಡುಕಲು ಅರ್ಧ ಗಂಟೆ ಬೇಕು. ಆಮೇಲೆ ಹಲಗೆ ಮಂಚದ ಕೆಳಗೆ ಸೇರುತ್ತದೆ. ದುಡ್ಡು ಕೊಟ್ಟು ತಂದ ವಸ್ತು ಮಂಚದ ಕೆಳಗೆ ಹೋದರೆ ನನಗೆ ಹೊಟ್ಟೆ ಉರಿಯುತ್ತದೆ, ಅದು ಯಾರ ಮನೆಯ ಮಂಚವೇ ಆಗಿರಲಿ.

ಹಲಗೆ ಎಂದರೆ ದೊಡ್ಡದೇನಲ್ಲ. ಮರದ ಚೌಕಟ್ಟು, ಒಳಗೆ ಸಾಲು ಸಾಲು ಗೀರುಗಳಿರುವ ಕಪ್ಪು ಮೆತ್ತನೆ ಬಟ್ಟೆ. ಬಿಳಿ ಪ್ಲಾಸ್ಟಿಕ್ ಇಂಗ್ಲಿಷ್ ಅಕ್ಷರಗಳ ಬೆನ್ನಿಗೆ ಸಣ್ಣ ಮುಳ್ಳುಗಳಿರುತ್ತವೆ. ಅವನ್ನು ಗೀರಿಗೆ ಒತ್ತಿದರೆ ನಿಲ್ಲುತ್ತವೆ. ಈಗ ಮುಂಬೈ ಸುತ್ತ ಡೊಂಬಿವಲಿಯಿಂದ ಖಾರ್‌ಘರ್‌ವರೆಗೆ ನಾಮಕರಣ, ಮದುವೆಯ ಹಳದಿ ಶಾಸ್ತ್ರ, ಸೀಮಂತ ಯಾವುದಿದ್ದರೂ ಗೋಡೆಯ ಮೇಲೆ ಇಂಥದ್ದೊಂದು ಬೇಕು, ಅದರ ಪಕ್ಕ ನಿಂತು ಫೋಟೋ ಬೇಕು. ಅವನ್ನು ಬಾಡಿಗೆಗೆ ಕೊಟ್ಟು, ಹೋಗಿ ಬರೆದು ಬರುವುದು ನನ್ನ ಕೆಲಸ.

ನಾನು ಅಕ್ಷರಗಳನ್ನು ಇಡ್ಲಿ ತಟ್ಟೆಯಲ್ಲಿ ಇಡುತ್ತೇನೆ. ನನ್ನ ಗಂಡ ಇಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದರು. ಹನ್ನೊಂದು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ಹೋಟೆಲು ಕೈ ಬದಲಾಯಿತು, ಹಳೆಯ ಪಾತ್ರೆ ಗುಜರಿಗೆ ಹೊರಟಿತ್ತು. ಅದರಲ್ಲಿ ಎರಡು ದೊಡ್ಡ ತಟ್ಟೆಗಳನ್ನು ಕೇಳಿ ತಂದೆ. ಒಂದೊಂದರಲ್ಲಿ ಹದಿನಾರು ಗುಳಿ. ಅಕ್ಷರ ಇಪ್ಪತ್ತಾರು, ಗುಳಿ ಮೂವತ್ತೆರಡು. ‘ಎ’ಗೆ ಮೂರು ಗುಳಿ ಕೊಡಿ, ‘ಎಚ್’, ‘ಎನ್’, ‘ಆರ್’ಗೆ ಎರಡೆರಡು, ಉಳಿದವಕ್ಕೆ ಒಂದೊಂದು. ಕೊನೆಯ ಗುಳಿ ಮುಳ್ಳು ಮುರಿದ ಅಕ್ಷರಗಳಿಗೆ. ಎಲ್ಲೋ ದೂರದಲ್ಲಿ ಈ ಪೊಟ್ಟಣ ತುಂಬುವವನಿಗೆ ನಮ್ಮ ಹೆಸರುಗಳು ಗೊತ್ತಿಲ್ಲ. ಅವನು ‘ಇ’ ಧಾರಾಳವಾಗಿ ಹಾಕುತ್ತಾನೆ, ‘ಎ’ಯಲ್ಲಿ ಜಿಪುಣತನ ಮಾಡುತ್ತಾನೆ. ನಮ್ಮಲ್ಲಿ ಮೊದಲು ಖಾಲಿಯಾಗುವುದೇ ‘ಎ’. ಆಗ ‘ವಿ’ಯನ್ನು ತಲೆಕೆಳಗು ಮಾಡಿ ನಡುವೆ ಬಿಳಿ ದಾರ ಕಟ್ಟಿ. ಎರಡು ಮಾರು ದೂರದಿಂದ ಯಾರಿಗೂ ತಿಳಿಯುವುದಿಲ್ಲ.

ನನ್ನ ಮೊದಲ ಅಕ್ಷರಗಳು ಭಿವಂಡಿಯ ಗೋದಾಮಿನಿಂದ ಬಂದವು. ಗಿರಾಕಿಗಳು ವಾಪಸು ಕಳಿಸಿದ ಮಾಲನ್ನು ಅಲ್ಲಿ ಗೋಣಿ ಲೆಕ್ಕದಲ್ಲಿ ಮಾರುತ್ತಾರೆ. ಊಟದ ಡಬ್ಬಿ ಕಟ್ಟಿ ಮನೆಮನೆಗೆ ಹೊತ್ತು ನನ್ನ ಮಂಡಿ ಸೋತು, ಕುಳಿತು ಮಾಡುವ ಕೆಲಸ ಹುಡುಕುತ್ತಿದ್ದ ಕಾಲವದು. ಒಡೆದ ಪೊಟ್ಟಣಗಳ ಒಂದು ಗೋಣಿ ಕಂಡಿತು. ನಾನು ಅದರ ಕಡೆ ನೋಡಲೇ ಇಲ್ಲ. ಬೇಡದ ಗೋಡೆ ಗಡಿಯಾರಕ್ಕೆ ಕಾಲು ಗಂಟೆ ಚೌಕಾಸಿ ಮಾಡಿ, ಬಿಟ್ಟು, ಹೊರಡುವಾಗ ಗೋಣಿಯನ್ನು ಕಾಲಿನಿಂದ ತೋರಿಸಿದೆ.

“ಯೇ ತೋ ಕಚರಾ ಹೈ ಭೈಯಾ. ಉಠಾನೇ ಕಾ ಪೈಸಾ ಆಪ್ ಮುಝೆ ದೋ.”

ಕಸ ಎತ್ತಿದ್ದಕ್ಕೆ ನೀನೇ ನನಗೆ ಕೊಡು ಎಂದದ್ದಕ್ಕೆ ಅವನು ನಕ್ಕುಬಿಟ್ಟ. ನಕ್ಕವನ ಹತ್ತಿರ ಅರ್ಧ ವ್ಯಾಪಾರ ಮುಗಿದ ಹಾಗೆಯೇ. ಬೇಕಾದ ವಸ್ತುವನ್ನು ಕೊನೆಯಲ್ಲಿ ಕೇಳಿ, ಅದೂ ಬಾಗಿಲ ಹತ್ತಿರ ನಿಂತು.

ಆದರೆ ಒಂದು ಕಡೆ ನಾನು ಬಹಳ ವರ್ಷ ಚೌಕಾಸಿ ಮಾಡದೆ ಒಪ್ಪಿಕೊಂಡೆ. ಸೀಮಂತದ ಮನೆಗಳಲ್ಲಿ ಹಲಗೆ ಬರೆಯಲು ನನ್ನನ್ನು ಬೆಳಿಗ್ಗೆಯೇ ಕರೆಯುತ್ತಿದ್ದರು. ಜನ ಬರುವ ಹೊತ್ತಿಗೆ ಯಾರಾದರೂ ಬಂದು, “ಅಕ್ಕಾ, ನೀವು ಒಳಗೆ ಕಾಫಿ ಕುಡೀರಿ” ಎನ್ನುತ್ತಿದ್ದರು. ವಿಧವೆಯ ಕೈ ಅಕ್ಷರ ಸಿಕ್ಕಿಸಲು ಆಗುತ್ತದೆ, ಬಳೆ ತೊಡಿಸಲು ಆಗುವುದಿಲ್ಲ. ಪರರ ಮನೆ, ವ್ಯಾಪಾರ, ಇರಲಿ ಎಂದು ಕಾಫಿ ಕುಡಿದು ಬಂದೆ.

ಈ ವರ್ಷ ನನ್ನ ಮಗಳ ಸೀಮಂತ ಬಂತು, ಡೊಂಬಿವಲಿಯ ನನ್ನದೇ ಮನೆಯಲ್ಲಿ. ಎರಡು ದಿನ ಮೊದಲೇ ಟಿಟ್ವಾಳಾದಿಂದ ನನ್ನ ಗಂಡನ ಅಕ್ಕ ಬಂದರು. ಅತ್ತಿಗೆ ಕೆಟ್ಟವರಲ್ಲ. ತಮ್ಮ ಸತ್ತ ತಿಂಗಳು ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಅಕ್ಕಿಯ ಚೀಲ ಹೊತ್ತು ತಂದವರು ಅವರೊಬ್ಬರೇ. ಅದಕ್ಕೇ ಅವರ ಮಾತು ತಳ್ಳಿಹಾಕುವುದು ಕಷ್ಟ.

ನಾನು ತಟ್ಟೆಗಳ ಮುಂದೆ ಕುಳಿತು ಅಕ್ಷರ ವಿಂಗಡಿಸುತ್ತಿದ್ದೆ. ಖಾರ್‌ಘರ್‌ನಿಂದ ಬಂದ ಮಗಳು ಮಂಚದ ಮೇಲೆ ಕಾಲು ಚಾಚಿದ್ದಳು.

“ಬೋರ್ಡು ಚಂದ ಮಾಡು ಮಾರಾಯ್ತಿ. ‘ಹಿರಿಯರ ಆಶೀರ್ವಾದ’ ಅಂತ ಹಾಕು,” ಎಂದರು ಅತ್ತಿಗೆ. “ಮತ್ತೆ, ಆರತಿ, ಬಳೆ ಎಲ್ಲ ನಾನೇ ನೋಡಿಕೊಳ್ತೇನೆ. ನೀನು ಅಡುಗೆ ಮನೆ ಕಡೆ ಇರು. ಹೇಳಬೇಕಾ ನಿನಗೆ?”

“ಹೆತ್ತವಳು ನಾನಲ್ಲವಾ ಅತ್ತಿಗೆ?”

“ಹೆತ್ತದ್ದು ಯಾರು ಇಲ್ಲ ಅಂದದ್ದು? ಶಾಸ್ತ್ರ ಅಂತ ಒಂದು ಉಂಟಲ್ಲ.”

ನಾನು ಮಗಳ ಕಡೆ ನೋಡಿದೆ. ಅವಳು ಮೊಬೈಲಿನಿಂದ ಕಣ್ಣು ಎತ್ತದೆ, “ಜಾನೇ ದೋ ನಾ ಅಮ್ಮಾ, ಹೋಗಲಿ ಬಿಡು. ಒಂದು ದಿನದ್ದು ಅಲ್ವಾ?” ಎಂದಳು.

ಆ ಮಾತು ಅತ್ತಿಗೆಯ ಮಾತಿಗಿಂತ ಹೆಚ್ಚು ಚುಚ್ಚಿತು. ನಾನು “ಆಯ್ತು” ಎಂದೆ. ಇದನ್ನೂ ನೆನಪಿಟ್ಟುಕೊಳ್ಳಿ: ವ್ಯಾಪಾರದಲ್ಲಿ ‘ಆಯ್ತು’ ಎಂದರೆ ಒಪ್ಪಿದೆ ಎಂದಲ್ಲ, ಕೇಳಿಸಿತು ಎಂದು.

ಸೀಮಂತದ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹಲಗೆ ಬರೆದೆ. ಮಿಕ್ಕ ಅಕ್ಷರಗಳ ತಟ್ಟೆಗಳನ್ನು ಯಾರ ಕೈಗೂ ಸಿಗದಂತೆ ಅಟ್ಟದ ಮೇಲೆ, ಸೂಟ್‌ಕೇಸುಗಳ ಹಿಂದೆ ಇಟ್ಟೆ. ಹಲಗೆಯನ್ನು ನಡುಮನೆಯ ಗೋಡೆಗೆ ಹಾಕಿ, ಗಣಪತಿಯನ್ನು ಮನೆಗೆ ತರುವಾಗ ಮುಖಕ್ಕೆ ಮುಸುಕು ಹಾಕುವಂತೆ ಒಂದು ಶಾಲು ಹೊದಿಸಿದೆ. ಜನ ತುಂಬಿ, ಮಗಳು ಹಸಿರು ಸೀರೆಯುಟ್ಟು ಕುರ್ಚಿಯಲ್ಲಿ ಕುಳಿತು, ಅತ್ತಿಗೆ ಬಳೆಯ ತಟ್ಟೆ ಹಿಡಿದು ನಿಂತ ಮೇಲೆ ಅಡುಗೆ ಮನೆಯಿಂದ ಬಂದು ಶಾಲು ಎಳೆದೆ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ಮೊದಲ ಬಳೆ ಅಮ್ಮನದು.

ಅತ್ತಿಗೆ ನಿಧಾನವಾಗಿ ಓದಿಕೊಂಡರು. ಆಮೇಲೆ ನನ್ನ ಪಕ್ಕಕ್ಕೆ ಸರಿದು ಹಲ್ಲು ಕಚ್ಚಿ ಕೇಳಿದರು, “ಇದೆಂತ ಬರ್ದದ್ದು ನೀನು? ನಾನು ಹೇಳಿದ್ದು ಎಲ್ಲಿ?”

“ಅಕ್ಷರ ಸಾಲ್ಲಿಲ್ಲ ಅತ್ತಿಗೆ. ಇದ್ದದ್ದರಲ್ಲಿ ಇಷ್ಟೇ ಆದದ್ದು.”

“ತೆಗಿ ಅದನ್ನು.”

“ನೀವೇ ತೆಗೀರಿ. ಎಲ್ಲರೂ ನೋಡ್ತಾ ಇದ್ದಾರೆ.”

ಅವರು ತೆಗೆಯಲಿಲ್ಲ. ನಾನೂ ಮುಂದೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಕಾಲು ಏಳಲಿಲ್ಲ. ಹಲಗೆ ಬರೆಯುವ ಧೈರ್ಯ ಬೇರೆ, ನಾಲ್ಕು ಹೆಜ್ಜೆ ನಡೆಯುವ ಧೈರ್ಯ ಬೇರೆ. ಮಗಳು ಮತ್ತೆ ‘ಜಾನೇ ದೋ’ ಎಂದರೆ ಏನು ಮಾಡುವುದು ಎಂದು ನಾನು ಲೆಕ್ಕ ಹಾಕಿರಲಿಲ್ಲ.

ಎದುರು ಬ್ಲಾಕಿನ ಮರಾಠಿ ಅಜ್ಜಿಗೆ ಅಕ್ಷರ ಓದಲು ಬಂತು, ಅರ್ಥ ಆಗಲಿಲ್ಲ. ಮಗಳನ್ನೇ ಕೇಳಿದರು, “ಹ್ಯಾತ್ ಕಾಯ್ ಲಿಹಿಲಂಯ್ ಗ?” ಏನು ಬರೆದಿದೆಯೇ ಇದರಲ್ಲಿ?

ಮಗಳು ಹಲಗೆಯನ್ನು ನೋಡಿದಳು, ಅತ್ತಿಗೆಯ ಕೈಯ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ಏನು ಬೇಕಾದರೂ ಹೇಳಬಹುದಿತ್ತು, ಸುಸ್ವಾಗತ ಎಂದಿದ್ದರೂ ನಡೆಯುತ್ತಿತ್ತು.

“ಪಹಿಲೀ ಬಾಂಗಡೀ ಆಯೀಚೀ,” ಎಂದಳು. ಮೊದಲ ಬಳೆ ತಾಯಿಯದು. ಆಮೇಲೆ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ, “ಅಮ್ಮಾ, ಬಾ. ಕೈ ಚಾಚಿ ಎಷ್ಟು ಹೊತ್ತು ಕೂತಿರಲಿ?”

“ಮಗ್ ಯಾ ನಾ!” ಬನ್ನಿ ಮತ್ತೆ, ಎಂದು ಅಜ್ಜಿ ನನ್ನ ಬೆನ್ನಿಗೆ ಕೈ ಹಾಕಿ ದೂಡಿದರು.

ತಟ್ಟೆ ಅತ್ತಿಗೆಯ ಕೈಯಲ್ಲೇ ಇತ್ತು. ನಾನು ಅದರಿಂದ ಹಸಿರು ಗಾಜಿನ ಬಳೆಗಳನ್ನು ತೆಗೆದುಕೊಂಡೆ. ಅವರು ತಟ್ಟೆ ಹಿಂದಕ್ಕೆ ಎಳೆಯಲಿಲ್ಲ, ಮುಂದಕ್ಕೂ ಚಾಚಲಿಲ್ಲ. ಮಗಳ ಕೈ ಊದಿತ್ತು, ಬಳೆ ಬಿಗಿ. ಹೆಬ್ಬೆರಳನ್ನು ಅಂಗೈಗೆ ಮಡಚಿ ತಿರುಗಿಸುತ್ತಾ ಏರಿಸಿದೆ. ಒಂದೂ ಒಡೆಯಲಿಲ್ಲ.

ಸಂಜೆ ಚಪ್ಪಲಿ ಹಾಕಿಕೊಳ್ಳುತ್ತಾ ಅತ್ತಿಗೆ ಹೇಳಿದರು, “ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ತಲೆ ಮೇಲೆ.”

“ಇಟ್ಕೊಳ್ತೇನೆ. ಹನ್ನೊಂದು ವರ್ಷದಿಂದ ಎಲ್ಲ ಅಲ್ಲೇ ಇಟ್ಕೊಂಡು ಅಭ್ಯಾಸ ಉಂಟು.”

ಹೆರಿಗೆಗೆ ಇನ್ನೂ ಮೂರು ವಾರವಿದೆ. ಅತ್ತಿಗೆ ಫೋನು ಮಾಡಿ ಮಗಳನ್ನು ವಿಚಾರಿಸುತ್ತಾರೆ, ಕೊನೆಗೆ ಮೆಲ್ಲನೆ, “ಆ ಬೋರ್ಡು ಇಳಿಸಿದೆಯಾ?” ಎಂದು ಕೇಳುತ್ತಾರೆ. ಇಳಿಸಿಲ್ಲ. ಒಂದು ಅಕ್ಷರ ಕಳೆದುಕೊಂಡ ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿ ಬೈಯುವ ನಾನು, ಹದಿನೆಂಟು ಅಕ್ಷರಗಳನ್ನು ಸುಮ್ಮನೆ ಗೋಡೆಗೆ ಕೂರಿಸಿದ್ದೇನೆ. ಅದರಲ್ಲಿ ಆರು ‘ಎ’. ನಿನ್ನೆ ಕಲ್ಯಾಣ್ ಊರಿನ ಒಂದು ನಾಮಕರಣಕ್ಕೆ ಹೊರಟಾಗ ಎರಡು ‘ಎ’ ಕಡಿಮೆ ಬಿದ್ದವು. ಎರಡು ‘ವಿ’ ತಿರುಗಿಸಿ ದಾರ ಕಟ್ಟಿಕೊಂಡು ಹೋದೆ.