ಕಟ್ಟೆಯ ಮೇಲೆ ಕುಳಿತವರನ್ನೂ ಎಣಿಸಿದ ಹಾಜರಿ ಅಕ್ಕ

ಆನ್‌ಲೈನ್ ಆಟಗಳನ್ನು ಕಟ್ಟುವವರಿಗೆ ಚಪ್ಪಾಳೆಯ ಕೊರತೆಯಿಲ್ಲ. ಆದರೆ ಕಟ್ಟಿದ ಆಟಕ್ಕೆ ವಯಸ್ಸಾಗಿ, ಆಡುವವರು ಒಬ್ಬೊಬ್ಬರಾಗಿ ಕಾಲ್ತೆಗೆದಾಗ, ಉಳಿದ ಬೆರಳೆಣಿಕೆಯ ಮಂದಿಯನ್ನು ಮರ್ಯಾದೆಯಿಂದ ನೋಡಿಕೊಳ್ಳುವುದೂ ಒಂದು ವಿದ್ಯೆಯೆಂದು ತೋರಿಸಿಕೊಟ್ಟವರು ನಮ್ಮ ಕ್ಷೇತ್ರದಲ್ಲಿ ವಿರಳ. ಇಪ್ಪತ್ತಾರು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ, ನಾವೆಲ್ಲ ಪ್ರೀತಿಯಿಂದ ‘ಹಾಜರಿ ಅಕ್ಕ’ ಎಂದು ಕರೆಯುವ ನಮ್ಮ ನಿರ್ವಹಣಾ ವಿಭಾಗದ ಮುಖ್ಯಸ್ಥೆ ಅಂಥ ವಿರಳರಲ್ಲಿ ಮೊದಲಿಗರು. ಅವರಿಂದ ಬೈಸಿಕೊಂಡವರಲ್ಲಿ ನಾನೇ ಮೊದಲಿಗನೆಂಬ ಹೆಗ್ಗಳಿಕೆಯಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗಲೇ ಆ ಹೆಸರು ಅವರಿಗೆ ಅಂಟಿಕೊಂಡಿತ್ತು. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಎರಡನೆಯ ಮಹಡಿಯ ಉದ್ದ ಕೋಣೆಯಲ್ಲಿ ಕಾಫಿ ಯಂತ್ರದ ಪಕ್ಕದ ಕರಿಹಲಗೆಯ ಮುಂದೆ ನಿಂತು, ಯಾವ ಆಟದಲ್ಲಿ ಆಗ ಎಷ್ಟು ಮಂದಿ ಇದ್ದಾರೆಂಬುದನ್ನು ಸೀಮೆಸುಣ್ಣದಲ್ಲಿ ಬರೆದು ಗಟ್ಟಿಯಾಗಿ ಓದುತ್ತಿದ್ದರು. ಎಲ್ಲವೂ ಪರದೆಯ ಮೇಲೇ ಕಾಣುವಾಗ ಇದೇಕೆ ಎಂದು ಜಾಣತನ ತೋರಿಸಿದ ನನಗೆ, “ಪರದೇಲಿ ಕಂಡಿದ್ದು ಮರ್ತೋಗತ್ತೆ ಕಣೋ. ಬಾಯಲ್ಲಿ ಹೇಳಿ ನೋಡು, ಒಬ್ರು ಕಡಿಮೆ ಆದ್ರೂ ಗೊತ್ತಾಗತ್ತೆ” ಎಂದಿದ್ದರು.

ನಮ್ಮ ‘ಹಾಯಿದೋಣಿ’ ಎಂಬ ಪಂದ್ಯದಾಟಕ್ಕೆ ಒಂದು ಕಾಲದಲ್ಲಿ ಲಕ್ಷಾಂತರ ಜನ ಬರುತ್ತಿದ್ದರು. ಪಂದ್ಯ ಶುರುವಾಗಲು ಎಂಟು ದೋಣಿಗಳಾದರೂ ಬೇಕು. ಜನ ಕರಗಿದಂತೆ, ಬಂದವರು ಕಾದು ಕಾದು ಸಾಕಾಗಿ ಹೋಗತೊಡಗಿದರು. “ಜನ ಕಡಿಮೆ ಅಂತಲ್ಲ, ಇರೋರು ಒಬ್ರಿಗೊಬ್ರು ಸಿಗ್ತಿಲ್ಲ” ಎಂದ ಅಕ್ಕ, ಆಟಗಾರರು ಹಂಚಿಹೋಗಿದ್ದ ಆಟದ ಹನ್ನೊಂದು ಬಂದರುಗಳನ್ನು ಒಂದಾಗಿಸಿ, ಪಂದ್ಯಕ್ಕೆ ದಿನವೂ ಸಂಜೆ ನಾಲ್ಕು ಗಂಟೆಯೆಂದು ಹೊತ್ತು ಗೊತ್ತುಮಾಡಿದರು. ಆಗಲೂ ದೋಣಿ ಕಡಿಮೆಬಿದ್ದರೆ ನಮ್ಮನ್ನೇ ಹತ್ತಿಸುತ್ತಿದ್ದರು. ನಾನೆಷ್ಟೋ ಸಲ ಎಂಟನೆಯವನಾಗಿ ಹೋಗಿ ಎಂಟನೆಯವನಾಗಿಯೇ ಬಂದಿದ್ದೇನೆ!

ಮೂರು ವರ್ಷಗಳ ಹಿಂದೆ, ಈ ಆಟಕ್ಕೆ ದಿನಕ್ಕೆ ಒಂಬತ್ತೇ ಜನ ಬರುತ್ತಾರೆ, ಮುಚ್ಚಬಹುದು ಎಂದು ವರದಿ ಬರೆದವನು ನಾನೇ. ಹದಿನೈದು ದಿನಗಳಲ್ಲಿ ಬಾಗಿಲು ಹಾಕಲು ನಿರ್ದೇಶಕರು ಒಪ್ಪಿಯೂ ಬಿಟ್ಟಿದ್ದರು. ಅಂದು ಬೆಳಿಗ್ಗೆ ಹಲಗೆಯ ಮೇಲೆ ಅಕ್ಕ ಬರೆದದ್ದು ನಲವತ್ಮೂರು.

“ಉಳಿದೋರನ್ನೆಲ್ಲ ಎಲ್ಲಿ ಬಚ್ಚಿಟ್ಟೆ?” ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಆಟದೊಳಕ್ಕೆ ಕಳಿಸಿದರು. ನೋಡುತ್ತೇನೆ, ನಲವತ್ಮೂರು ಮಂದಿಯೂ ಬಂದರಿನ ಕಲ್ಲುಕಟ್ಟೆಯ ಮೇಲೆ ಕುಳಿತು ಹರಟುತ್ತಿದ್ದಾರೆ! ನನ್ನ ಲೆಕ್ಕ ಪಂದ್ಯ ಮುಗಿಸಿದವರನ್ನು ಮಾತ್ರ ಹಿಡಿದಿತ್ತು. ಸುಮ್ಮನೆ ಕೂರಲು ಬಂದವರು ಅದರ ಕಣ್ಣಿಗೆ ಮನುಷ್ಯರೇ ಅಲ್ಲ. ಅವರಲ್ಲೊಬ್ಬರು ಹೊಲಿಗೆಯಂಗಡಿಯ ಒಡತಿ. ದೂರದೂರಿನಲ್ಲಿರುವ ಅವರ ಅಕ್ಕನಿಗೆ ಕಿವಿ ಪೂರಾ ಹೋಗಿ ಫೋನು ಕೆಲಸಕ್ಕೆ ಬಾರದಾದ ಮೇಲೆ, ಇಬ್ಬರೂ ದಿನವೂ ಇದೇ ಕಟ್ಟೆಯಲ್ಲಿ ಅಕ್ಕಪಕ್ಕ ಕುಳಿತು, ಟೈಪು ಮಾಡುತ್ತ ಜಗಳವಾಡುತ್ತಿದ್ದರು. ಪಂದ್ಯಕ್ಕೆ ಹೋಗುವುದಿಲ್ಲವೇ ಎಂದು ಕೇಳಿದೆ.

“ಅಯ್ಯೋ, ದೋಣಿ ಬಿಚ್ಚಿ ಆರು ವರ್ಷ ಆಯ್ತು. ನೀವು ಹೊಸಬ್ರಾ? ಕೂತ್ಕೊಳ್ಳಿ” ಎಂದು ಹೊಲಿಗೆಯವರು ಬರೆದರು.

ಭೂಮಿ ಬಾಯಿಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಮುಚ್ಚಿದರೆ ಆ ಅಕ್ಕತಂಗಿಯರು ಎಲ್ಲಿ ಸೇರಬೇಕು?

ಹಾಜರಿ ಅಕ್ಕ ನಿರ್ದೇಶಕರ ಮುಂದೆ ನನ್ನ ತಪ್ಪಿನ ಸುದ್ದಿಯನ್ನೇ ಎತ್ತಲಿಲ್ಲ. ಆಟವನ್ನು ಎಂದೆಂದಿಗೂ ನಡೆಸಿರೆಂದೂ ಹಟ ಹಿಡಿಯಲಿಲ್ಲ. “ಮುಚ್ಚೋಣ ಸಾರ್. ಆದ್ರೆ ಎದ್ದೋಗಿ ಅನ್ನೋ ಮುಂಚೆ ಕೂರೋಕೊಂದು ಜಾಗ ತೋರಿಸ್ಬೇಕಲ್ಲ?” ಎಂದರು. ಆರು ತಿಂಗಳು ಸಿಕ್ಕಿತು. ಕೊನೆಯ ದಿನಾಂಕವನ್ನು ಆಟಗಾರರಿಗೆ ಅಂದೇ ನೇರವಾಗಿ ತಿಳಿಸಿದರು. ದೊಡ್ಡ ಯಂತ್ರಗಳು ಬೇಕಾಗಿದ್ದದ್ದು ಪಂದ್ಯಕ್ಕೇ ಹೊರತು ಕಟ್ಟೆಗಲ್ಲ. ಹಾಗಾಗಿ ನಾವಿಬ್ಬರೂ ಕುಳಿತು ಬಂದರನ್ನಷ್ಟೇ ಆಟದಿಂದ ಬೇರ್ಪಡಿಸಿ, ಮನೆಯ ಕಂಪ್ಯೂಟರಿನಲ್ಲೂ ನಡೆಯುವಂತೆ ಮಾಡಿ ಆಟಗಾರರ ಕೈಗೇ ಕೊಟ್ಟೆವು. ಹೊಲಿಗೆಯಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಅದು ಇಂದಿಗೂ ಓಡುತ್ತಿದೆ.

ಕೊನೆಯ ಪಂದ್ಯದ ದಿನ ನಲವತ್ಮೂರು ದೋಣಿಗಳೂ, ಅವುಗಳ ಜೊತೆಗೆ ನನ್ನದೂ, ಕಟ್ಟು ಬಿಚ್ಚಿದವು. ಕೋಣೆಯಲ್ಲಿ ನಾವೆಲ್ಲ ಮೇಜು ಕುಟ್ಟಿ ಕೂಗಿದ್ದೇ ಕೂಗಿದ್ದು! ಹೊಲಿಗೆಯವರ ಅಕ್ಕ ಕೊನೆಯಿಂದ ಎರಡನೆಯವರಾದರು. ಕೊನೆಯವನು ಯಾರೆಂದು ಹೇಳಬೇಕಾಗಿಲ್ಲ. ಆಮೇಲೆ ಹಾಜರಿ ಅಕ್ಕ ಹಲಗೆಯ ಮೇಲಿನ ‘ಹಾಯಿದೋಣಿ’ಯ ಸಾಲನ್ನು ಒರೆಸಿ, ಕೈ ತೊಳೆದುಕೊಂಡು, ಎಲ್ಲರಿಗೂ ಕಾಫಿ ತಂದುಕೊಟ್ಟರು.

ಈಗ ಆ ಸೀಮೆಸುಣ್ಣ ನನ್ನ ಕೈಗೆ ಬಂದಿದೆ. ಅವರು ನೂರು ಕಾಲ ಸುಖವಾಗಿರಲಿ, ಅವರ ಎಣಿಕೆ ನಿಲ್ಲದಿರಲಿ ಎಂದು ಹಾರೈಸುತ್ತೇನೆ. ಎರಡನೆಯದನ್ನು ಹಾರೈಸುವ ಅಗತ್ಯವೇ ಇಲ್ಲವೆಂದು ನಿನ್ನೆ ತಿಳಿಯಿತು. ಅವರು ರಜೆಯಲ್ಲಿದ್ದರು, ನಾನು ಹಲಗೆಯ ಕೆಲಸ ಮುಗಿಸಿ, ಹಳೆಯ ಕಟ್ಟೆಯ ಕಡೆ ಹಣಕಿದೆ. ಅಕ್ಕತಂಗಿಯರ ಪಕ್ಕದಲ್ಲಿ ಒಂದು ಹೊಸ ದೋಣಿ ಕಟ್ಟಿತ್ತು. ನಾನು ಏನಾದರೂ ಬರೆಯುವ ಮೊದಲೇ ಅಲ್ಲಿಂದ ಮಾತು ಬಂತು:

“ನಲವತ್ತೈದು. ಬಂದ್ಯಾ? ಕೂತ್ಕೋ.”