ಮೆಲ್ಲಗಮ್ಮ
ಶಿಶು ವಾರ್ಡಿನ ಹಳೇ ನರ್ಸಿಗೆ ಎಲ್ಲರೂ ಇಟ್ಟ ಹೆಸರು ಮೆಲ್ಲಗಮ್ಮ. ದೊಡ್ಡ ಡಾಕ್ಟರ ಬೂಟು ಕಿರ್ರೆಂದರೂ "ಮೆಲ್ಲಗೆ ಸ್ವಾಮಿ, ಅದನ್ನ ಹೊರಗೇ ಬಿಟ್ಟು ಬನ್ನಿ" ಎಂದು ಪಿಸುದನಿಯಲ್ಲೇ ಗದರುತ್ತಾಳೆ. ಟಿಕ್‌ಟಿಕ್ ಜೋರಾಯಿತೆಂದು ಗೋಡೆ ಗಡಿಯಾರವನ್ನೇ ವರ್ಗ ಮಾಡಿಸಿದವಳು. ತಾಯಿಯ ಹೊಟ್ಟೆಯಲ್ಲೇ ಅಮಲಿನ ಮದ್ದಿಗೆ ಒಗ್ಗಿ, ಹುಟ್ಟಿದ ಮೇಲೆ ಅದು ಸಿಗದೆ ನಡುಗುವ ಕೂಸುಗಳೆಲ್ಲ ಅವಳ ಪಾಲಿನವು. ನಡುಕ, ಸೀನು, ಕೀರಲು ಅಳು ಎಲ್ಲವನ್ನೂ ಎಣಿಸಿ ಅಂಕ ಹಾಕುತ್ತಾಳೆ. ಅಂಕ ಮಿತಿ ದಾಟಿದರೆ ಔಷಧಿಯ ಹನಿ. ಇವತ್ತು ಮೂರು ದಿನದ ಕೂಸೊಂದು ಮಿತಿಯ ಅಂಚಿಗೆ ಬಂದಿತ್ತು. ಅದರ ತಾಯಿ ಬಾಗಿಲಲ್ಲೇ ಕೈ ಹಿಂದಕ್ಕೆ ಕಟ್ಟಿಕೊಂಡು, "ನಾನು ಮುಟ್ಟಲ್ಲ ಅಕ್ಕಾ, ಇದೆಲ್ಲ ನನ್ನಿಂದಲೇ ಆಗಿದ್ದು" ಅಂದಳು. "ಹೂಂ. ಮೆಲ್ಲಗೆ ಕೂತ್ಕೊ" ಎಂದು ಮೆಲ್ಲಗಮ್ಮ ಕೂಸನ್ನು ಅವಳ ಎದೆಗೆ ಒರಗಿಸಿದಳು. ಮತ್ತೆ ಎಣಿಸಿದಾಗ ಅಂಕ ಇಳಿದಿತ್ತು. ಪಟ್ಟಿಯಲ್ಲಿ ಔಷಧಿ ಬರೆಯುವ ಜಾಗದಲ್ಲಿ ಅವಳು ದುಂಡಗೆ ಬರೆದಳು, "ಅಮ್ಮ, ಒಂದು ಗಂಟೆ."