ಜೀಪಿನ ಬಾನೆಟ್ಟಿನ ಮೇಲೆ ತಿರುಗಿದ ನಕ್ಷೆ

“ಇದು ಈ ಜನ್ಮದಾಗ ಆಗೂ ಮಾತಲ್ರಿ, ಮಾಸ್ತರ.”

ಹೀಗೆಂದವರು ಇಂಜಿನಿಯರ್ ಸಾಹೇಬರು. ನಮ್ಮ ಶಾಲೆಗೆ ಹೊಸ ಕೋಣೆ ಕಟ್ಟಿಸಲು ಬಂದವರು. ಕಪ್ಪು ಕನ್ನಡಕ, ಸಫಾರಿ ಸೂಟು, ತಲೆಯ ಮೇಲೆ ಜವಾನ ಹಿಡಿದ ಕೊಡೆ. (ಬಿಸಿಲಿನ ಬಗ್ಗೆ ಅವರಿಗಿದ್ದ ಜ್ಞಾನವೆಲ್ಲ ಆ ಕೊಡೆಯ ಕೆಳಗೇ ಮುಗಿಯುತ್ತಿತ್ತು.)

“ಕುರಿ ಕಾಯೋರ ಮಕ್ಕಳಿಗೆ ಬಿಸಿಲು ನೋಡಿ ಮನಿ ಕಟ್ಟೂದು ಕಲಸ್ತೀರಿ? ಮೊದ್ಲ ಅವಕ್ಕ ಮಗ್ಗಿ ಬಾಯಿಪಾಠ ಮಾಡಸ್ರಿ.”

ನನಗೆ ಸಿಟ್ಟು ಬರಲಿಲ್ಲ. ಈ ಮಾತು ನನಗೆ ಹಳೆಯ ಪರಿಚಯ. ಇಳಕಲ್ಲಿನ ನೇಕಾರನ ಮಗ ನಾನು. ಬಾಗಲಕೋಟೆಗೆ ಕಾಲೇಜಿಗೆ ಹೊರಟಾಗ ಸೋದರಮಾವನೂ ಇದನ್ನೇ ಅಂದಿದ್ದ. ಆಮೇಲೇನಾಯಿತು? ಬಿ.ಎಸ್ಸಿ. ಆಯಿತು. ನಮ್ಮ ಮನೆತನದಲ್ಲಿ ಮೊದಲನೆಯದು. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ನಾಚಿಕೆ ಯಾಕೆ?

ಆದರೆ ಬಿಸಿಲಿನ ಪಾಠ ನನಗೆ ಸಿಕ್ಕಿದ್ದು ಕಾಲೇಜಿನಲ್ಲಲ್ಲ, ಅಪ್ಪನ ಕುಣಿಮಗ್ಗದಲ್ಲಿ. ನೆಲದಲ್ಲಿ ತೋಡಿದ ಕುಣಿ, ಅದರಲ್ಲಿ ಕಾಲಿಳಿಸಿ ಕುಳಿತ ಅಪ್ಪ, ಎಡಕ್ಕೆ ಉತ್ತರದ ಒಂದು ಸಣ್ಣ ಕಿಟಕಿ. ಅಷ್ಟೇ. “ಉತ್ತರದ ಬೆಳಕು ಜಗಳ ಮಾಡೂದಿಲ್ಲಪಾ” ಅನ್ನುತ್ತಿದ್ದ. “ಪಡುವಣ ಬಿಸಿಲು ಕಣ್ಣಾಗ ಕೈ ಹಾಕ್ತೈತಿ.” ಅಪ್ಪ ಓದಿದ್ದು ಎರಡನೇ ಇಯತ್ತೆ. ಅವನು ನೇಯ್ದ ಸೀರೆಗಳ ಬಣ್ಣ ನೋಡಿ, ಅವನಿಗೆ ಬೆಳಕು ಗೊತ್ತಿರಲಿಲ್ಲ ಅನ್ನಿ ನೋಡೋಣ!

ಈಗ ನಾನು ಹುನಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ವಿಜ್ಞಾನದ ಮಾಸ್ತರ. (ನಿಮಗಿದು ಗೊತ್ತು. ಪ್ರತಿ ವಾರ ಈ ಅಂಕಣದಲ್ಲಿ ಅದನ್ನೇ ಕೊರೆಯುತ್ತೇನೆ.) ಕಳೆದ ವರ್ಷ ದಸರೆಯ ಮುಂದೆ ಮಕ್ಕಳನ್ನು ಬಾದಾಮಿಗೆ ಕರೆದೊಯ್ದಿದ್ದೆ. ಮಧ್ಯಾಹ್ನದ ಬಿಸಿಲಿಗೆ ಮೆಟ್ಟಿಲು ಕಾದು ಅಂಗಾಲು ಸುಡುತ್ತಿತ್ತು. ಗುಹೆಯೊಳಗೆ ಕಾಲಿಟ್ಟರೆ ಮಾತ್ರ ಗಡಿಗೆಯ ನೀರಿನಂಥ ತಂಪು.

“ಸರ, ಒಳಗ ಇಷ್ಟ ತಂಪ ಯಾಕ್ರಿ?” ಎಂದು ಕೇಳಿದವಳು ಬೀರವ್ವ. ಒಂಬತ್ತನೇ ಇಯತ್ತೆ, ಕುರಿಗಾರರ ಮನೆಯ ಹುಡುಗಿ. ತಾಯಿಯಿಲ್ಲ, ಅಜ್ಜಿಯೇ ಸಾಕಿದ್ದು.

“ದಪ್ಪ ಕಲ್ಲು. ಅದರ ಮ್ಯಾಲೆ, ಗುಹೆಯ ಬಾಯಿ ಯಾವ ಕಡೆ ಐತಿ, ನೀನ ನೋಡಿ ಹೇಳು.”

ಹೇಳಿದಳು. ಉತ್ತರಕ್ಕೆ.

ಊರಿಗೆ ಮರಳಿದ ಮೇಲೆ ಶಾಲೆಯಂಗಳದಲ್ಲಿ ಒಂದು ಕೋಲು ನೆಟ್ಟೆವು. ತಾಸಿಗೊಮ್ಮೆ ನೆರಳಿನ ತುದಿಗೆ ಒಂದು ಹರಳು. ನಡುಮಧ್ಯಾಹ್ನದ ಗಿಡ್ಡ ನೆರಳು ಊರ ಬೀರಪ್ಪನ ಗುಡಿಯ ಕಡೆ ಬಿತ್ತು. ಅದೇ ಉತ್ತರ. ಸಂಜೆ ಬಿಸಿಲು ಎಲ್ಲಿಂದ ನುಗ್ಗುತ್ತದೆ, ಯಾವ ಗೋಡೆ ಕಾಯುತ್ತದೆ, ಕಿಟಕಿ ಎಲ್ಲಿರಬೇಕು, ಎಲ್ಲವನ್ನೂ ಮಕ್ಕಳೇ ಬರೆದರು. ಪಠ್ಯಪುಸ್ತಕದಲ್ಲಿ ಇದಿಲ್ಲ. ಪುಸ್ತಕ ಬರೆದವರು ಫ್ಯಾನಿನ ಕೆಳಗೆ ಕುಳಿತಿದ್ದರೇನೋ!

ಅಷ್ಟರಲ್ಲಿ ಜೀಪು ಬಂತು. ಇಂಜಿನಿಯರ್ ಸಾಹೇಬರು ಬಾನೆಟ್ಟಿನ ಮೇಲೆ ನೀಲಿ ನಕ್ಷೆ ಹಾಸಿದರು. ಉದ್ದ ಕೋಣೆ, ಉದ್ದದ ಎರಡೂ ಬದಿಗೆ ದೊಡ್ಡ ಕಿಟಕಿಗಳು, ಮೂಲೆಯಲ್ಲೊಂದು ಬಾಣದ ಗುರುತು. ಸಾಹೇಬರು ನಕ್ಷೆಯನ್ನು ಹಾಗೊಮ್ಮೆ ಹೀಗೊಮ್ಮೆ ತಿರುಗಿಸಿದರು. ಕೊನೆಗೆ ಕಟ್ಟಡದ ಮುಖ ರಸ್ತೆಗೆ ಬರುವಂತೆ ಇಟ್ಟರು. ರಸ್ತೆ ಇದ್ದದ್ದು ಪಡುವಣಕ್ಕೆ. ಆಳುಗಳು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯತೊಡಗಿದರು.

ಬೀರವ್ವ ನಕ್ಷೆಯತ್ತ ಬಾಗಿದಳು. “ಸಾಹೇಬ್ರ, ಈ ಬಾಣ ಏನ್ರಿ?”

“ಉತ್ತರ ದಿಕ್ಕು ಅದು.”

“ಉತ್ತರ ಬೀರಪ್ಪನ ಗುಡಿ ಕಡೆ ಐತ್ರಿ. ನಿಮ್ಮ ಬಾಣ ರಸ್ತಾ ಕಡೆ ಹೊಂಟೈತಲ್ರಿ!”

ಆಳುಗಳ ಕೈ ನಿಂತಿತು. ಸಾಹೇಬರು ನಕ್ಕರು. ನಕ್ಷೆ ಬರೆದ ಪುಣ್ಯಾತ್ಮ ಸರಿಯಾಗಿಯೇ ಬರೆದಿದ್ದ! ಕಿಟಕಿಗಳು ಉತ್ತರಕ್ಕೆ, ದಕ್ಷಿಣಕ್ಕೆ. ತಿರುಗಿಸಿದವರು ಇವರು. ಈಗ ಒಂದು ಸಾಲು ಮೂಡಣ ಬಿಸಿಲಿಗೆ, ಇನ್ನೊಂದು ಸಾಲು ಪಡುವಣ ಬಿಸಿಲಿಗೆ. ಆ ಕೋಣೆಯಲ್ಲಿ ಕುಳಿತು ಬೇಯಬೇಕಾದವರು ಪಕ್ಕದಲ್ಲೇ ನಿಂತಿದ್ದರು.

“ಸಾಹೇಬ್ರ, ಇನ್ನೂ ಬರೇ ಸುಣ್ಣದ ಗೆರಿ ಅದಾವು. ಒಂದ ಕಸಬರಗಿ ಸಾಕು, ಅಳಿಸಿ ಬ್ಯಾರೆ ಎಳದ್ರಾತು” ಎಂದೆ.

“ಬಿಲ್ಡಿಂಗ್ ಅಂದ್ರ ರಸ್ತಾದಿಂದ ಕಾಣಬೇಕ್ರಿ. ದೊಡ್ಡವರು ಜೀಪಿನ್ಯಾಗ ಹೋಗುವಾಗ ಬೋರ್ಡ್ ಓದಬೇಕು. ಗುಡಿಗೆ ಮುಖಾ ಮಾಡಿ ಕಟ್ಟಿದ್ರ ಯಾರು ನೋಡ್ತಾರ?”

ಆಗಲೇ ನಾನು ನಮ್ಮ ಕೋಲು, ನೆರಳು, ಹರಳುಗಳ ಕಥೆ ಹೇಳಿದ್ದು. ಆಗಲೇ ಅವರು “ಈ ಜನ್ಮದಾಗ” ಎಂದದ್ದು.

ಸರಿ, ಆಗುವುದಿಲ್ಲ ಅಂದಮೇಲೆ ಮಾಡಲೇಬೇಕಲ್ಲ? ಮಕ್ಕಳು ಎರಡು ರಟ್ಟಿನ ಪೆಟ್ಟಿಗೆ ತಂದು ಮಣ್ಣು ಮೆತ್ತಿದರು. ಅದೇ ಕೋಣೆ, ಅವೇ ಕಿಟಕಿ. ಒಂದನ್ನು ಬಾಣ ಹೇಳಿದಂತೆ ಇಟ್ಟರು, ಇನ್ನೊಂದನ್ನು ಸಾಹೇಬರು ಹೇಳಿದಂತೆ. ಶಾಲೆಗಿದ್ದ ಒಂದೇ ಥರ್ಮಾಮೀಟರ್ ಹಿಂದಿನ ವರ್ಷವೇ ಒಡೆದಿತ್ತು. ಬೀರವ್ವ ಮನೆಯಿಂದ ಬೆಣ್ಣೆ ತಂದಳು. ಎರಡೂ ಪೆಟ್ಟಿಗೆಯಲ್ಲಿ ಒಂದೊಂದು ಮುದ್ದೆ.

ಶಿವರಾತ್ರಿಯ ಹೊತ್ತಿಗೆ ಬಾಗಲಕೋಟೆಯಲ್ಲಿ ವಿಜ್ಞಾನ ಪ್ರದರ್ಶನ. ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆವು. ಬೇರೆ ಶಾಲೆಯವರು ಬಲ್ಬು ಮಿಣುಕಿಸುತ್ತಿದ್ದರು, ರಾಕೆಟ್ ನಿಲ್ಲಿಸಿದ್ದರು. ನಮ್ಮವರು ಅಂಗಳದ ಬಿಸಿಲಿನಲ್ಲಿ ಬೆಣ್ಣೆ ಇಟ್ಟುಕೊಂಡು ಕುಳಿತಿದ್ದರು. ನಾಲ್ಕರ ಹೊತ್ತಿಗೆ ರಸ್ತೆ ನೋಡುವ ಕೋಣೆಯಲ್ಲಿ ಬೆಣ್ಣೆ ಕರಗಿ ಹರಿಯಿತು. ಗುಡಿ ನೋಡುವ ಕೋಣೆಯಲ್ಲಿ ಮುದ್ದೆ ಮುದ್ದೆಯಾಗಿಯೇ ಇತ್ತು. ಪರೀಕ್ಷಕರೊಬ್ಬರು ಬೆರಳಿನಿಂದ ಮುಟ್ಟಿ ನೋಡಿದರು. (ಆಮೇಲೆ ಬೆರಳು ನೆಕ್ಕಿದ್ದನ್ನೂ ನಾನು ಕಂಡೆ.) ಮೊದಲ ಬಹುಮಾನ ಬಂತು.

ಊರಿಗೆ ಬಂದು ನೋಡಿದರೆ ಗೋಡೆಗಳು ಎದ್ದು ನಿಂತಿದ್ದವು. ರಸ್ತೆಗೇ ಮುಖ. ಪಡುವಣ ಕಿಟಕಿಗಳನ್ನಾದರೂ ಮುಚ್ಚಿಸಿ, ಇಲ್ಲವೇ ಅವುಗಳ ಮುಂದೆ ನೆರಳಿಗೆ ಒಂದು ಪಡಸಾಲೆಯನ್ನಾದರೂ ಇಳಿಸಿ ಎಂದು ಸಾಹೇಬರನ್ನು ಬೇಡಿದೆ. “ಎಸ್ಟಿಮೇಟಿನ್ಯಾಗ ಇಲ್ರಿ” ಎಂದರು.

ಹೋದ ವಾರ ಉದ್ಘಾಟನೆ. ಏಪ್ರಿಲ್ ತಿಂಗಳು, ಸಂಜೆ ನಾಲ್ಕು ಗಂಟೆ, ಹೊಸ ಕೋಣೆಯೊಳಗೇ ಸಭೆ. ವೇದಿಕೆ ಮೂಡಣ ಗೋಡೆಗೆ. ಅಂದರೆ ಗಣ್ಯರ ಮುಖ ನೇರವಾಗಿ ಪಡುವಣ ಕಿಟಕಿಗಳಿಗೆ! ಬಿಸಿಲು ಸಾಹೇಬರ ಕನ್ನಡಕವನ್ನೂ ದಾಟಿ ಒಳಹೊಕ್ಕಿತು. ಅವರು ಆಮಂತ್ರಣ ಪತ್ರಿಕೆಯನ್ನು ಹಣೆಗೆ ಹಿಡಿದರು, ಕುರ್ಚಿ ಸರಿಸಿದರು, ಬೆವರು ಒರೆಸಿದರು. ಕಡೆಗೆ ಕೂಗಿದರು: “ಯಾರಲೇ ಅಲ್ಲಿ? ಕಿಟಕಿಗೆ ಜಮಖಾನಿ ಹಿಡೀರಿ!”

ಜಮಖಾನೆ ಎತ್ತಿ ಹಿಡಿದು ನಿಂತವರು ಯಾರು? ಬೆಣ್ಣೆ ಕರಗಿಸಿ ತೋರಿಸಿದ ಅದೇ ಮಕ್ಕಳು. ಭಾಷಣ ಮುಗಿಯುವವರೆಗೂ ನಿಂತರು. ಭಾಷಣದಲ್ಲಿ ಸಾಹೇಬರು ಏನಂದರು ಗೊತ್ತೇ? “ಈ ಸಾಲಿ ಮಕ್ಕಳು ಭಾಳ ಶಾಣ್ಯಾ ಅದಾರಂತ ನಾ ಅವತ್ತ ಹೇಳಿದ್ದೆ.” ಚಪ್ಪಾಳೆ ಬಿತ್ತು. ಜಮಖಾನೆ ಹಿಡಿದವರಿಗೆ ಚಪ್ಪಾಳೆ ತಟ್ಟಲು ಕೈ ಎಲ್ಲಿದ್ದವು?

ಪ್ರದರ್ಶನದ ಸರ್ಟಿಫಿಕೇಟ್ ಅಲ್ಲೇ ಕೊಟ್ಟರು. ಬೀರವ್ವನ ಹೆಸರು ಕರೆದಾಗ ಅವಳು ಜಮಖಾನೆಯ ತುದಿಯನ್ನು ಪಕ್ಕದವಳಿಗೆ ಕೊಟ್ಟು ಬಂದಳು. ಜೊತೆಗೆ ಅವಳ ಅಜ್ಜಿ ಯಲ್ಲವ್ವನೂ ಎದ್ದು ಬಂದಳು. ಮೊಮ್ಮಗಳ ಕೈಯಿಂದ ಸರ್ಟಿಫಿಕೇಟ್ ತೆಗೆದುಕೊಂಡು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ಆಮೇಲೆ ಕಿಟಕಿಯನ್ನು ನೋಡಿದಳು. ಆಮೇಲೆ ಸಾಹೇಬರನ್ನು.

“ಕಾಗದ ಛಲೋ ದಪ್ಪ ಐತ್ರಿ, ಸಾಹೇಬ್ರ. ಆ ಕಿಟಕಿಗೆ ಹಚ್ಚಿಬಿಡ್ರಿ, ಹುಡುಗ್ರ ಕೈಗಾದ್ರೂ ಬಿಡುವು ಸಿಗ್ತೈತಿ.”